ಆರು ಮುಡಿ ಭರ್ತಿ

ಪತ್ರಿಕೆಯ ಕ್ರೀಡಾಪುಟದ ಕೆಳಗಿನ ಮೂಲೆಯಲ್ಲಿ, ಕನ್ನಡಕವಿಲ್ಲದೆ ಓದಲಾಗದಷ್ಟು ಚಿಕ್ಕ ಅಕ್ಷರಗಳಲ್ಲಿ, ಅಂದಂದಿನ ಫಲಿತಾಂಶಗಳ ಒಂದು ಅಂಕಣವಿರುತ್ತಿತ್ತು. ದುಬೈಯ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ನನ್ನ ಕೆಲಸ ಶುರುವಾದದ್ದು ಆ ಮೂಲೆಯಲ್ಲಿ. ಆಮೇಲೆ ಬೇರೆ ಬೇರೆ ಮೇಜುಗಳಿಗೆ ಹೋದರೂ ಕಣ್ಣು ಮೊದಲು ಓಡುತ್ತಿದ್ದುದು ಅಲ್ಲಿಗೇ. ಅಲ್ಲಿ ಬರೆದವರ ಹೆಸರು ಅಚ್ಚಾಗುವುದಿಲ್ಲ. ಅದು ನನಗೆ ಹಿಡಿಸಿತ್ತು.

ನಾನು ನಿವೃತ್ತಳಾದ ಮೇಲೆ, ಕ್ರೀಡಾ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಸಿಲಿಕಾನ್ ಓಯಸಿಸ್ ಬಡಾವಣೆಯ ನನ್ನ ಫ್ಲ್ಯಾಟಿಗೆ ಬಂದಿದ್ದರು. ಕಾಫಿ ಕುಡಿದು, ಸ್ವಲ್ಪ ಸಂಕೋಚಪಟ್ಟು, “ಮೇಡಂ, ತಪ್ಪೇ ಆಗದ ಹಾಗೆ ಕೆಲಸ ಮಾಡೋದು ಹೇಗೆ?” ಎಂದು ಕೇಳಿದರು. ಅದು ನನಗೆ ಗೊತ್ತಿಲ್ಲ ಎಂದೆ. ಅವರಿಗೆ ನಿರಾಸೆಯಾಯಿತು ಎಂದು ಕಾಣುತ್ತದೆ. ಹೋದ ಮೇಲೆ ಯೋಚಿಸಿದೆ. ನನಗೆ ಗೊತ್ತಿರುವುದು ಒಂದು ತಪ್ಪಿನ ಕಥೆ. ಅದನ್ನೇ ಅವರಿಗಾಗಿ ಬರೆದಿಡುತ್ತಿದ್ದೇನೆ.

ಅದು ತೊಂಬತ್ತರ ದಶಕದ ನಡುಭಾಗ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ದುಬೈಗೆ ಬಂದಿದ್ದೆ. ಏಕೆ ಬಂದೆ ಎಂಬುದು ಈ ಬರಹಕ್ಕೆ ಬೇಕಾದ ವಿಷಯವಲ್ಲ. ಪತ್ರಿಕೆಯಲ್ಲಿ ಆರು ತಿಂಗಳ ಪ್ರೊಬೇಷನ್ ಮೇಲೆ ಕೆಲಸ ಸಿಕ್ಕಿತು. ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಹೊರಗೆ ನಲವತ್ತು ಡಿಗ್ರಿ ಬಿಸಿಲಿದ್ದರೆ ಒಳಗೆ ಎ.ಸಿ.ಯ ಚಳಿ, ನಾನು ಮೈಸೂರಿನಿಂದ ತಂದಿದ್ದ ಶಾಲು ಹೊದ್ದು ಕುಳಿತಿರುತ್ತಿದ್ದೆ.

ನಮ್ಮ ಕ್ರೀಡಾ ಸಂಪಾದಕರು ಪೆರೇರ ಎಂಬ ಶ್ರೀಲಂಕಾದವರು. ಮಾತು ಬಹಳ ಕಡಿಮೆ. ಪುಟ ಮುಗಿಸುವ ಹೊತ್ತಿಗೆ ಬೆನ್ನ ಹಿಂದೆ ಬಂದು ನಿಂತು “ಯಲ್ಲಾ”, ಅಂದರೆ ಅರಬ್ಬಿಯಲ್ಲಿ ‘ನಡೀರಿ, ಬೇಗ’, ಎನ್ನುವರು. ಅದೇ ಗಡಿಯಾರ. ನನ್ನ ಎದುರಿನ ಮೇಜಿನಲ್ಲಿ ಕರಡು ತಿದ್ದುವ ರಾಮಣ್ಣ ಶೆಟ್ಟರು ಕೂರುತ್ತಿದ್ದರು. ಬ್ರಹ್ಮಾವರದ ಹತ್ತಿರದವರು, ಐವತ್ತು ದಾಟಿದವರು, ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್. ವಿಭಾಗದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಾನು ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಅವರ ಜೊತೆಗೆ.

ಮೇ ತಿಂಗಳ ಒಂದು ಭಾನುವಾರ. ಆಗ ಇಲ್ಲಿ ಶುಕ್ರವಾರ ರಜೆ, ಭಾನುವಾರ ಮಾಮೂಲಿ ಕೆಲಸದ ದಿನ. ಸಂಜೆ ಫ್ಯಾಕ್ಸ್ ಯಂತ್ರ ಸುರುಳಿಸುರುಳಿಯಾಗಿ ಉಗುಳಿದ ಕಾಗದದಲ್ಲಿ ಐರ್ಲೆಂಡಿನಿಂದ ಬಂದ ಒಂದು ಸಾಲಿತ್ತು. ಹರ್ಲಿಂಗ್ ಎಂಬ ಆಟದ ರಾಷ್ಟ್ರೀಯ ಚಾಂಪಿಯನ್‌ಷಿಪ್, ಮೊದಲ ಸುತ್ತು. ಆಡುವುದು ಅಲ್ಲಿಯ ಜಿಲ್ಲೆಗಳು. ಜಿಲ್ಲೆಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ; ಆ ಜನ ಹಳೆಯ ಪಂದ್ಯಗಳ ಬಗ್ಗೆ ಇಂದಿಗೂ ಜಗಳವಾಡುತ್ತಾರೆ. ಅಂಗಿಯ ಬಣ್ಣದಿಂದ ಕರೆಯುತ್ತೇನೆ, ಬಣ್ಣವನ್ನೂ ಸ್ವಲ್ಪ ಬದಲಾಯಿಸಿದ್ದೇನೆ. ಕಾಗದದಲ್ಲಿದ್ದದ್ದು ಇಷ್ಟು: ಹಳದಿ 1-18, ನೀಲಿ 2-14.

ಗೆದ್ದವರು ಯಾರೆಂದು ಬರೆದಿರಲಿಲ್ಲ. ನಮ್ಮ ಅಂಕಣದಲ್ಲಿ ಗೆದ್ದವರ ಹೆಸರು ಮೊದಲು ಬರಬೇಕು. ನಾನು ಅಂಕಿಗಳನ್ನು ನೋಡಿದೆ. ಎರಡು, ಒಂದಕ್ಕಿಂತ ದೊಡ್ಡದು. ‘ನೀಲಿ ತಂಡಕ್ಕೆ ಜಯ’ ಎಂದು ಬರೆದು ಮುಂದಿನ ಸಾಲಿಗೆ ಹೋದೆ.

ಮರುದಿನ ಮಧ್ಯಾಹ್ನ ಫೋನ್ ಬಂತು. ಅಬುಧಾಬಿಯಿಂದ, ಒಬ್ಬ ಹೆಂಗಸಿನ ದನಿ.

“ಕ್ರೀಡಾ ವಿಭಾಗನಾ? ಹರ್ಲಿಂಗ್ ಬರೆದೋರು ಯಾರು?”

“ನಾನು.”

“ಹದಿನಾಲ್ಕಕ್ಕೆ ಆರು ಸೇರಿಸಿದ್ರೆ ಎಷ್ಟು?”

“ಇಪ್ಪತ್ತು.”

“ಹದಿನೆಂಟಕ್ಕೆ ಮೂರು?”

“ಇಪ್ಪತ್ತೊಂದು.”

“ಹಾಗಾದ್ರೆ ಗೆದ್ದಿದ್ದು ಯಾರು?”

ಹದಿನಾಲ್ಕಕ್ಕೆ ಆರನ್ನು ಏಕೆ ಸೇರಿಸಬೇಕೆಂದೇ ನನಗೆ ತಿಳಿಯಲಿಲ್ಲ. “ಗೊತ್ತಿಲ್ಲ” ಎಂದೆ.

“ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋ ಪತ್ರಕರ್ತರನ್ನ ಇದೇ ಮೊದಲು ನೋಡ್ತಿರೋದು” ಎಂದರು. ಆಮೇಲೆ, ಆಸ್ಪತ್ರೆಯಲ್ಲಿ ಹೊಸ ನರ್ಸಿಗೆ ಸೂಜಿ ಹಿಡಿಯಲು ಕಲಿಸುವವರ ಹಾಗೆ, ಬಿಡಿಸಿ ಹೇಳಿದರು. ಆಶ್ ಎಂಬ ಮರದ ಬಾಗಿದ ಕೋಲಿನಿಂದ ಚೆಂಡು ಹೊಡೆಯುವ ಆಟ. ಒಂದೊಂದು ಕಡೆ ಹದಿನೈದು ಜನ. ಎರಡು ಕಂಬ, ನಡುವೆ ಒಂದು ಅಡ್ಡಪಟ್ಟಿ. ಚೆಂಡು ಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟ್. ಕೆಳಗಿನ ಬಲೆಗೆ ಹೋದರೆ ಗೋಲು. ಒಂದು ಗೋಲು ಮೂರು ಪಾಯಿಂಟಿಗೆ ಸಮ. ಆದರೆ ಬರೆಯುವಾಗ ಎರಡನ್ನೂ ಕೂಡಿಸುವುದಿಲ್ಲ. ಗೋಲು ಎಷ್ಟು, ಪಾಯಿಂಟ್ ಎಷ್ಟು ಎಂದು ಬೇರೆಬೇರೆಯಾಗಿಯೇ ಬರೆಯುವುದು.

“ನಾನು ಹಳದಿ ಜಿಲ್ಲೆಯವಳು. ಶಾಲೆಗೆ ಹೋಗುವಾಗ ಒಂದ್ಸಲ ಕಪ್ ಗೆದ್ದಿದ್ವಿ, ಆಮೇಲೆ ಬರೀ ಸೋಲು. ಗೆದ್ದ ದಿನವಾದ್ರೂ ಗೆಲ್ಲೋಕೆ ಬಿಡಬಾರದಾ?” ಎಂದು ಫೋನ್ ಇಟ್ಟರು.

ಅವರು ಮೇಟ್ರನ್ ಬ್ರೀಡಾ. ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ದಾದಿಯರ ಮುಖ್ಯಸ್ಥೆ. ಫೋನ್ ಇಟ್ಟು ತಿರುಗಿದರೆ ಪೆರೇರ ನಿಂತಿದ್ದರು.

“ಸಂಖ್ಯಾಶಾಸ್ತ್ರ ಓದಿದೋರು ತಾನೆ ನೀವು?”

“ಹೌದು ಸರ್.”

“ಇವತ್ತಿಂದ ಈ ಆಟ ನಿಮ್ಮದು. ಸೆಪ್ಟೆಂಬರ್‌ನಲ್ಲಿ ಫೈನಲ್, ನಿಮ್ಮ ಪ್ರೊಬೇಷನ್ ಮುಗಿಯೋದೂ ಆಗಲೇ. ನಡುವೆ ಹರ್ಲಿಂಗ್‌ನಲ್ಲಿ ಇನ್ನೊಂದು ತಪ್ಪು ಬಂದ್ರೆ ಖಲಾಸ್. ವರ್ಗೀಕೃತ ಜಾಹೀರಾತಿಗೆ ಹೋಗಿ ಕೂತ್ಕೊಳ್ಳಿ.”

ವರ್ಗೀಕೃತ ಜಾಹೀರಾತು ವಿಭಾಗ ಕೆಳಗಿನ ಮಹಡಿಯಲ್ಲಿತ್ತು. ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಫೋನಿನಲ್ಲಿ ಮಾತು. ಹಳೆ ಫ್ರಿಜ್ ಮಾರುವವರು, ಹಂಚಿಕೊಂಡ ಕೋಣೆಯಲ್ಲಿ ಮಲಗಲೊಂದು ಬೆಡ್‌ಸ್ಪೇಸ್ ಹುಡುಕುವವರು, ದೇರಾ ಬಡಾವಣೆಯಲ್ಲಿ ಬೆಕ್ಕು ಕಳೆದುಕೊಂಡವರು. ದಿನಕ್ಕೆ ಹತ್ತು ಮಾತಾಡುವ ನಾನು ದಿನಕ್ಕೆ ನೂರು ಅಪರಿಚಿತರ ಜೊತೆ ಮಾತಾಡಬೇಕು. ಊರಿಗೆ ವಾಪಸು ಕಳಿಸುತ್ತೇನೆ ಎಂದಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲ.

ಎದುರಿನ ಮೇಜಿನಿಂದ ಶೆಟ್ಟರು ಕೇಳಿದರು. “ಎಂತ ಮಾರಾಯ್ತಿ, ಮುಖ ಸುಟ್ಟ ಬದನೆಕಾಯಿ ಹಾಗೆ ಮಾಡಿದ್ದೀರಲ್ಲ?”

ನಾನು ಕಾಗದ ತೋರಿಸಿ, ಮೇಟ್ರನ್ ಹೇಳಿದ್ದನ್ನೆಲ್ಲ ಹೇಳಿದೆ.

“ಮೂರು ಸಣ್ಣದಕ್ಕೆ ಒಂದು ದೊಡ್ಡದು. ಇಷ್ಟೇ ಅಲ್ವಾ? ಇದಕ್ಕೆಂತ ತಲೆಬಿಸಿ? ಇದು ಮುಡಿ-ಕಳಸೆ ಲೆಕ್ಕ.”

“ಮುಡಿ ಅಂದ್ರೆ ತಿರುಪತೀಲಿ ಕೊಡೋದು ಅಲ್ವಾ ಶೆಟ್ರೇ?”

“ಅಯ್ಯಯ್ಯೋ, ಈ ಮೈಸೂರಿನವರಿಗೆ ಕೂದಲು ಬಿಟ್ಟರೆ ಬೇರೆ ಎಂತದೂ ಗೊತ್ತಿಲ್ಲ! ಅಕ್ಕಿ ಮುಡಿ ಮಾರಾಯ್ತಿ, ಅಕ್ಕಿ ಮುಡಿ. ಬೈಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು, ಗುಂಡಗೆ ಕಟ್ಟಿ ಇಡುವುದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ನನ್ನ ಅಜ್ಜಿ ಅಂಗಳದಲ್ಲಿ ಕೂತು ಬೆರಳಲ್ಲೇ ಲೆಕ್ಕ ಮಾಡ್ತಿದ್ದರು.”

ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲೆಯೇ ಬರೆದರು. ಹಳದಿಯವರದ್ದು ಒಂದು ಮುಡಿ ಹದಿನೆಂಟು ಕಳಸೆ. ಹದಿನೆಂಟು ಕಳಸೆ ಎಂದರೆ ಆರು ಮುಡಿ. ಒಟ್ಟು ಏಳು. ನೀಲಿಯವರದ್ದು ಎರಡು ಮುಡಿ ಹದಿನಾಲ್ಕು ಕಳಸೆ. ಹದಿನಾಲ್ಕರಲ್ಲಿ ನಾಲ್ಕು ಮುಡಿ ಹೋಗಿ ಎರಡು ಕಳಸೆ ಉಳಿಯಿತು. ಒಟ್ಟು ಆರು ಮುಡಿ ಎರಡು ಕಳಸೆ.

“ಇವರದ್ದು ಏಳು ಮುಡಿ ಭರ್ತಿ. ಅವರದ್ದು ಒಂದು ಕಳಸೆ ಕಮ್ಮಿ. ಸೋತರು. ಮುಗೀತಲ್ಲ?”

ಮೂರರಿಂದ ಗುಣಿಸಿ ಕೂಡಿಸುವುದು ನನಗೂ ಬರುತ್ತಿತ್ತು. ಆದರೆ ಭಯವಿದ್ದಾಗ ಗುಣಾಕಾರವೂ ಕೈಕೊಡುತ್ತದೆ. ಅಕ್ಕಿ ಕಣ್ಣಿಗೆ ಕಾಣುತ್ತದೆ. ಅಂದಿನಿಂದ ಪ್ರತಿ ಭಾನುವಾರ ನಾನು ಹರ್ಲಿಂಗ್ ಫಲಿತಾಂಶದ ಪಕ್ಕ ಪೆನ್ಸಿಲಿನಲ್ಲಿ ಮುಡಿ-ಕಳಸೆ ಬರೆದು, ಗೆದ್ದವರನ್ನು ಗುರುತಿಸಿ, ಅದನ್ನು ಅಳಿಸಿ, ನಂತರ ಪ್ರತಿಯನ್ನು ಕಳಿಸುತ್ತಿದ್ದೆ. ಪ್ರತಿ ಸೋಮವಾರ ಮಧ್ಯಾಹ್ನ ಬ್ರೀಡಾ ಫೋನ್ ಮಾಡುತ್ತಿದ್ದರು. “ಇವತ್ತು ಸರಿಯಿದೆ” ಎನ್ನುವರು. “ಥ್ಯಾಂಕ್ಯೂ” ಎನ್ನುತ್ತಿದ್ದೆ. ಅರ್ಧ ನಿಮಿಷದ ಮಾತು. ನನ್ನಂಥವಳಿಗೆ ಅದು ಹಿತವಾದ ಸ್ನೇಹ.

ಆ ದಿನಗಳ ಫ್ಯಾಕ್ಸ್ ಕಾಗದದ ಬಗ್ಗೆ ಒಂದು ಮಾತು. ಅದಕ್ಕೆ ಬಿಸಿ ತಾಗಬಾರದು. ಕಿಟಕಿಯ ಬಳಿ ಅರ್ಧ ದಿನ ಬಿಟ್ಟರೆ ಅಕ್ಷರಗಳು ಮಾಸಿ ಹೋಗುತ್ತಿದ್ದವು. ಒಮ್ಮೆ ಪೆರೇರ ಅದರ ಮೇಲೆ ಹಾಲಿಲ್ಲದ ಸುಲೈಮಾನಿ ಚಹಾದ ಬಿಸಿ ಲೋಟ ಇಟ್ಟು, ಒಂದು ಇಡೀ ಫುಟ್ಬಾಲ್ ಲೀಗ್ ಕಪ್ಪು ವೃತ್ತದೊಳಗೆ ಮುಳುಗಿಹೋಯಿತು. ಅದೇ ಬೇಸಿಗೆಯಲ್ಲಿ ನಮಗೆ ಕಂಪ್ಯೂಟರ್ ಬಂತು. ಸುದ್ದಿಸಂಸ್ಥೆಯ ಸಾಲುಗಳು ಹಸಿರು ಅಕ್ಷರಗಳಲ್ಲಿ ಪರದೆಯ ಮೇಲೆ ಏರಿ ಬರತೊಡಗಿದವು. ಇನ್ನು ಕಾಗದ ಮಾಸುವುದಿಲ್ಲ, ತಪ್ಪೂ ಆಗುವುದಿಲ್ಲ ಎಂದು ಎಲ್ಲರೂ ನಂಬಿದೆವು. ತಪ್ಪು ಮಾಡುವವರು ಪರದೆಯ ಎರಡೂ ಕಡೆ ಕೂತಿದ್ದಾರೆ ಎಂಬುದನ್ನು ಮರೆತಿದ್ದೆವು.

ಜುಲೈನಲ್ಲಿ ಎರಡನೆಯ ಅನಾಹುತವಾಯಿತು. ಹಳದಿಯವರು ಕೆಂಪಿನವರನ್ನು ಸೋಲಿಸಿದ್ದರು: 1-17, 0-16. ನಾನು ಸರಿಯಾಗಿಯೇ ಬರೆದು ಕಳಿಸಿದ್ದೆ. ಬೆಳಿಗ್ಗೆ ಪತ್ರಿಕೆ ಬಿಚ್ಚಿದರೆ ಅಲ್ಲಿದ್ದದ್ದು: ಹಳದಿ 6-2, ಕೆಂಪು 5-1.

ಅದರ ಪಕ್ಕದಲ್ಲೇ ಟೆನಿಸ್ ಫಲಿತಾಂಶಗಳಿದ್ದವು. ನಮ್ಮ ಸಾಲೂ ಅವುಗಳಲ್ಲೊಂದರ ಹಾಗೆ ಕಾಣುತ್ತಿತ್ತು: 6-2 ಮುಗಿದ ಸೆಟ್, 5-1 ಅರ್ಧಕ್ಕೆ ನಿಂತ ಸೆಟ್. ನಾನು ಆಫೀಸಿಗೆ ಹೋಗುವ ಹೊತ್ತಿಗೆ ಪೆರೇರ ಪುಟವನ್ನು ಕಣ್ಣಿಗೆ ಹಿಡಿದುಕೊಂಡು ಕೂತಿದ್ದರು.

“5-1 ಆಗಿದ್ದಾಗ ಗಾಯ ಮಾಡಿಕೊಂಡು ಹೊರಗೆ ಹೋದ ಆಟಗಾರ ಯಾರು?” ಎಂದು ಕೇಳಿದರು. ಅವರು ತಮಾಷೆ ಮಾಡಿದರೆ ಗೊತ್ತಾಗುತ್ತಿರಲಿಲ್ಲ.

ನನ್ನ ಪ್ರತಿಯನ್ನು ಹುಡುಕಲು ಬಗ್ಗಿದಾಗ ಶೆಟ್ಟರು ಎದ್ದು ಬಂದರು. ಪೆನ್ಸಿಲ್ ಕಿವಿಯ ಮೇಲಿರಲಿಲ್ಲ, ಕೈಯಲ್ಲಿತ್ತು.

“ಸರ್, ಅದು ನನ್ನ ಕೆಲಸ” ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಸೇರಿಸಿದರು. “ಫಲಿತಾಂಶದ ಕರಡು ನನ್ನ ಕೈಗೆ ಬಂದದ್ದು ನಿನ್ನೆಯೇ ಮೊದಲು. ನೀವು ಒಂದು ಮುಡಿ ಹದಿನೇಳು ಕಳಸೆ ಅಂತ ಬರೆದಿದ್ದೀರಿ. ಹದಿನೇಳು ಕಳಸೆ ಅಂತ ಯಾರಾದರೂ ಹೇಳ್ತಾರಾ? ಮೂರು ಕಳಸೆ ಆದ ಕೂಡ್ಲೇ ಮುಡಿ ಕಟ್ಟಬೇಕು. ಈ ಹುಡುಗಿ ಅವಸರದಲ್ಲಿ ಕಟ್ಟುವುದು ಮರೆತಿದೆ ಅಂತ ನಾನೇ ಕಟ್ಟಿದೆ. ಆರು ಮುಡಿ ಎರಡು ಕಳಸೆ, ಐದು ಮುಡಿ ಒಂದು ಕಳಸೆ.”

ಅವರು ಅಷ್ಟು ಗಂಭೀರವಾಗಿದ್ದರು. ನನಗೆ ಅಳು ಬರಬೇಕಾದಲ್ಲಿ ನಗು ಬಂತು. ಇಡೀ ವಿಭಾಗದ ಮುಂದೆ ನಾನು ನಕ್ಕದ್ದು ಅದೇ ಮೊದಲು.

“ಶೆಟ್ರೇ, ಅಲ್ಲಿ ಯಾರೂ ಮುಡಿ ಕಟ್ಟಲ್ಲ. ಚಿಲ್ಲರೆ ಹಾಗೇ ಬಿಡ್ತಾರೆ.”

“ಎಂತ ಅವ್ಯವಸ್ಥೆ ಮಾರಾಯ್ತಿ ಆ ದೇಶದಲ್ಲಿ!”

ಪೆರೇರರಿಗೆ ಇದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ. ಅಷ್ಟರಲ್ಲಿ ಫೋನ್ ಬಂತು.

“ಆರು ಗೋಲು!” ಬ್ರೀಡಾ ಹೇಳಿದರು. “ನನ್ನ ಜಿಲ್ಲೆಯವರು ಆರು ಗೋಲು ಹೊಡೆದು ಎರಡೇ ಪಾಯಿಂಟ್ ಮಾಡಿದ್ರಾ? ನಮ್ಮಣ್ಣ ಅಲ್ಲೇ ಮೈದಾನದಲ್ಲಿದ್ದ, ಅವನಿಗೇ ಗೊತ್ತಿಲ್ಲ.”

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕಿ, ಬೈಹುಲ್ಲು, ಮೂರು ಕಳಸೆ, ಶೆಟ್ಟರ ಅಜ್ಜಿ. ಫೋನಿನಲ್ಲಿ ನಾನು ಅಷ್ಟು ಉದ್ದ ಮಾತಾಡಿದ್ದು ನನಗೇ ಆಶ್ಚರ್ಯ. ಬ್ರೀಡಾ ಕೇಳಿಸಿಕೊಂಡು, ರಿಸೀವರಿಗೆ ಕೈ ಮುಚ್ಚಿ, ಯಾರನ್ನೋ ಕರೆದರು. ಅವರ ಕೈಕೆಳಗೆ ಲವೀನಾ ಎಂಬ ನರ್ಸ್ ಇದ್ದಳು. ಕೊಂಕಣಿ ಮನೆಮಾತಿನ, ಉಡುಪಿ ಕಡೆಯ ಹುಡುಗಿ. ಅವಳ ದನಿ ದೂರದಿಂದ ಕೇಳಿಸಿತು. “ಹೌದು ಮೇಟ್ರನ್, ತ್ರೀ ಕಳಸೆ ಒನ್ ಮುಡಿ. ನಮ್ಮ ಮನೆಯಲ್ಲೂ ಇತ್ತು.”

ಬ್ರೀಡಾ ಕಾಗದದ ಮೇಲೆ ಏನೋ ಗೀಚಿದ ಸದ್ದು. “ಒಟ್ಟು ಮೊತ್ತ ಸರಿಯಾಗೇ ಇದೆಯಲ್ಲ!” ಎಂದರು. “ನಿಮ್ಮ ಬಾಸ್‌ಗೆ ಕೊಡಿ.”

ಪೆರೇರ ಫೋನ್ ಹಿಡಿದು ನಾಲ್ಕು ಸಲ “ಯೆಸ್ ಮೇಟ್ರನ್” ಎಂದರು. ಇಟ್ಟ ಮೇಲೆ ನನ್ನ ಮತ್ತು ಶೆಟ್ಟರ ಕಡೆ ತಿರುಗಿದರು.

“ಮೊತ್ತ ಸರಿ, ಬರೆದದ್ದು ತಪ್ಪು. ಅರ್ಧ ತಪ್ಪು ಅಂತ ಹಿಡೀತೀನಿ. ನಿಮ್ಮ ಹತ್ತಿರ ಇನ್ನು ಅರ್ಧ ಉಳಿದಿದೆ.”

ಈ ಅರ್ಧ ತಪ್ಪನ್ನು ಇಟ್ಟುಕೊಂಡು ನಾನು ಸೆಪ್ಟೆಂಬರ್ ದಾಟಬೇಕಾಗಿತ್ತು.

ಮುಂದಿನ ವಾರ ಬ್ರೀಡಾರ ಆಜ್ಞೆ ಬಂತು. ನೋಡದ ಆಟವನ್ನು ಬರೆಯುವುದು ಅವರಿಗೆ ಸರಿ ಕಾಣಲಿಲ್ಲ. ಶುಕ್ರವಾರ ಬೆಳಿಗ್ಗೆ ಅಬುಧಾಬಿಗೆ ಬರಬೇಕು, ಆ ಮುಡಿ ಕಟ್ಟುವವರನ್ನೂ ಕರೆತರಬೇಕು. ನಾನು ಮತ್ತು ಶೆಟ್ಟರು ಕತ್ತಲೆ ಹರಿಯುವ ಮುಂಚೆ ಶೇರ್ ಟ್ಯಾಕ್ಸಿ ಹಿಡಿದೆವು. ಬಿಸಿಲೇರುವ ಮೊದಲು ಒಂದು ಮರಳಿನ ಮೈದಾನದಲ್ಲಿ ಹದಿನೈದಿಪ್ಪತ್ತು ಜನ ಐರಿಷರು, ಗಂಡಸರೂ ಹೆಂಗಸರೂ, ಕೋಲು ಹಿಡಿದು ಓಡುತ್ತಿದ್ದರು. ಹುಲ್ಲಿನ ಮೇಲೆ ಆಡುವ ಆಟವನ್ನು ಮರಳಿನ ಮೇಲೆ ಆಡಿದರೆ ಚೆಂಡು ಪುಟಿಯುವುದಿಲ್ಲ, ಬಿದ್ದಲ್ಲೇ ಕೂರುತ್ತದೆ. ಆದ್ದರಿಂದ ಅವರು ಅದನ್ನು ನೆಲಕ್ಕೆ ಬೀಳಲು ಬಿಡುತ್ತಲೇ ಇರಲಿಲ್ಲ. ಕೋಲಿನ ಚಪ್ಪಟೆ ತುದಿಯ ಮೇಲೆ ಚೆಂಡು ಕುಣಿಸುತ್ತ ಓಡುವುದನ್ನು ನೋಡಿ ನಾನು ಬೆರಗಾದೆ. ಮೂರು ತಿಂಗಳು ನಾನು ಬರೆದ ಅಂಕಿಗಳ ಹಿಂದೆ ಇಷ್ಟು ಧೂಳು, ಇಷ್ಟು ಕೂಗಾಟ ಇತ್ತೆಂದು ತಿಳಿದಿರಲಿಲ್ಲ.

“ಇದು ನಮ್ಮ ಚಿನ್ನಿದಾಂಡು, ಸ್ವಲ್ಪ ಸಿಟ್ಟು ಬಂದಿದೆ ಅಷ್ಟೆ” ಎಂದರು ಶೆಟ್ಟರು.

ಬ್ರೀಡಾ ಎತ್ತರದ, ಕೆಂಪು ಮುಖದ, ಐವತ್ತೈದರ ಹೆಂಗಸು. ನನ್ನ ಕೈಗೆ ಕೋಲು ಕೊಟ್ಟರು. ನಾನು ಬೀಸಿದೆ, ಚೆಂಡು ನನ್ನ ಹಿಂದೆ ಬಿತ್ತು. ಎರಡನೆಯ ಸಲವೂ. ಶೆಟ್ಟರು ಪ್ಯಾಂಟಿನ ಕಾಲು ಎರಡು ಮಡಿಕೆ ಮೇಲಕ್ಕೆ ಮಡಚಿ, “ಕೊಡಿ ಇಲ್ಲಿ” ಎಂದು ಕೋಲು ಇಸಿದುಕೊಂಡು, ಚೆಂಡು ಮೇಲೆಸೆದು ಒಂದೇ ಏಟು ಕೊಟ್ಟರು. ಅದು ಅಡ್ಡಪಟ್ಟಿಯ ಮೇಲಿಂದ ಹಾರಿ ಪಾರ್ಕಿಂಗಿನಲ್ಲಿದ್ದ ಒಂದು ಪಿಕಪ್‌ನೊಳಗೆ ಬಿತ್ತು.

“ಒಂದು ಕಳಸೆ!” ಎಂದು ಕೂಗಿದರು.

ಆಮೇಲೆ ಎಲೆಕ್ಟ್ರಾ ಸ್ಟ್ರೀಟಿನಲ್ಲಿ, ಟಿ.ವಿ. ರಿಪೇರಿ ಅಂಗಡಿಯ ಮೇಲಿನ ಬ್ರೀಡಾರ ಫ್ಲ್ಯಾಟಿನಲ್ಲಿ, ಚಹಾ. ಲವೀನಾ ರಾತ್ರಿ ಪಾಳಿ ಮುಗಿಸಿ ಬಂದವಳು ನಿದ್ದೆಗಣ್ಣಲ್ಲೇ ಬ್ರೆಡ್ ಸುಡುತ್ತಿದ್ದಳು. ಶೆಟ್ಟರನ್ನು ನೋಡಿ, “ಅಂಕಲ್, ನಿಮ್ಮಿಂದ ನನಗೆ ವಾರ್ಡಿನಲ್ಲಿ ಹೊಸ ಕೆಲಸ ಬಂತು. ಮೇಟ್ರನ್ ದಿನಾ ಮುಡಿ ಪಾಠ ಕೇಳ್ತಾರೆ” ಎಂದಳು.

“ಹಾಗಾದರೆ ಪೂರ್ತಿ ಕಲಿಸು ಮಗಾ. ಭರ್ತಿ ಹೇಳಿಕೊಟ್ಟಿದ್ದೀಯಾ?”

ಭರ್ತಿ ಎಂದರೇನು ಎಂದು ಬ್ರೀಡಾ ಕೇಳಿದರು. ಶೆಟ್ಟರು ಚಹಾದ ಕಪ್ಪನ್ನು ಅಂಚಿನವರೆಗೆ ತುಂಬಿಸಿ, ಒಂದು ಹನಿಯೂ ಚೆಲ್ಲದಂತೆ ಅವರ ಮುಂದೆ ಇಟ್ಟರು. “ಇದು ಭರ್ತಿ. ಮೇಲೆ ಚಿಲ್ಲರೆ ಇಲ್ಲ, ಕೆಳಗೆ ಖಾಲಿ ಇಲ್ಲ.” ಬ್ರೀಡಾ ಎರಡು ಸಲ ಹೇಳಿ ನೋಡಿದರು. ‘ಬಾರ್ಟಿ’ ಎಂದು ಬಂತು. ಅದು ಸಾಲದೆಂದು ಲವೀನಾ ತಲೆಯಾಡಿಸಿದಳು.

ಹಳದಿಯವರು ಆಗಸ್ಟಿನಲ್ಲಿ ಸೆಮಿಫೈನಲ್ ಗೆದ್ದರು. ಎದುರಾಳಿ ಹಸಿರು ಜಿಲ್ಲೆ. ಅಬುಧಾಬಿಯ ಒಂದು ಹೋಟೆಲಿನಲ್ಲಿ ಫೈನಲ್ ಪಂದ್ಯವನ್ನು ದೊಡ್ಡ ಪರದೆಯ ಮೇಲೆ ತೋರಿಸುವ ಏರ್ಪಾಡಾಯಿತು. ಬ್ರೀಡಾರಿಗೆ ಮಾತ್ರ ಹೋಗಲಾಗಲಿಲ್ಲ. ತಮ್ಮ ಐರಿಷ್ ನರ್ಸುಗಳೆಲ್ಲ ರಜೆ ಕೇಳಿದರು. ಎಲ್ಲರಿಗೂ ಕೊಟ್ಟು ತಾವು ಪಾಳಿ ಹಾಕಿಕೊಂಡರು.

“ಆ ಹೋಟೆಲಿನಿಂದ ನನಗೆ ಯಾರೂ ಫೋನ್ ಮಾಡಬಾರದು ಅಂದಿದ್ದೀನಿ” ಎಂದು ಹಿಂದಿನ ದಿನ ನನಗೆ ಹೇಳಿದರು. “ಕುಡಿದವರ ಬಾಯಿಂದ ಕೇಳೋಕೆ ನಂಗಿಷ್ಟ ಇಲ್ಲ. ಈ ಬೇಸಿಗೆಯೆಲ್ಲ ನೀನು ಬರೆದದ್ದನ್ನೇ ಓದಿದ್ದೀನಿ. ಇದನ್ನೂ ನೀನೇ ಹೇಳು.”

ನನಗೆ ಬೇಕಿದ್ದ ಭಾರ ಅದಾಗಿರಲಿಲ್ಲ. ಒಪ್ಪಿಕೊಂಡೆ.

ಸೆಪ್ಟೆಂಬರ್ ಆರಂಭದ ಆ ಭಾನುವಾರ ಪಂದ್ಯ ಶುರುವಾದಾಗ ಇಲ್ಲಿ ಸಂಜೆ ಆರೂವರೆ. ನಮ್ಮ ಪುಟ ಎಂಟೂವರೆಗೆ ಹೋಗಬೇಕು. ಎಂಟು ಐದಕ್ಕೆ ಪರದೆಯ ಮೇಲೆ ಸುದ್ದಿಸಂಸ್ಥೆಯ ಮೊದಲ ಸಾಲು ಏರಿ ಬಂತು: ‘ಹಸಿರಿಗೆ ಹರ್ಲಿಂಗ್ ಕಿರೀಟ. ಹಳದಿ ವಿರುದ್ಧ 2-11, 1-15.’

ಪೆರೇರ ಅದನ್ನು ಓದಿ, ಮೇಲಿನ ತಲೆಬರಹಕ್ಕೆ ‘ಹಸಿರು’ ಎಂದು ಬರೆದೂ ಆಯಿತು. ನಾನು ಅಭ್ಯಾಸದಂತೆ ಪೆನ್ಸಿಲ್ ತೆಗೆದುಕೊಂಡೆ. ಮಾಡಿ ನೋಡಿದೆ. ಮತ್ತೊಮ್ಮೆ ಮಾಡಿದೆ. ಕಾಗದವನ್ನು ಶೆಟ್ಟರ ಮೇಜಿಗೆ ಜಾರಿಸಿದೆ.

ಶೆಟ್ಟರು ತುಟಿ ಅಲ್ಲಾಡಿಸಿದರು. “ಹಸಿರು ಐದು ಮುಡಿ ಎರಡು ಕಳಸೆ. ಹಳದಿ ಆರು ಮುಡಿ ಭರ್ತಿ.” ತಲೆ ಎತ್ತಿದರು. “ಹಸಿರು ಹೇಗೆ ಗೆದ್ದಿತು ಮಾರಾಯ್ತಿ?”

ಅದೇ ಹೊತ್ತಿಗೆ ಫೋನ್. ಲವೀನಾ. “ಅಕ್ಕಾ, ಮೇಟ್ರನ್ ವಾರ್ಡಿನಲ್ಲಿ ರೌಂಡ್ಸ್ ಮಾಡ್ತಿದ್ದಾರೆ, ಆದರೆ ಕಣ್ಣೆಲ್ಲ ಫೋನಿನ ಮೇಲೆ. ಆಯ್ತಾ?”

“ಹತ್ತು ನಿಮಿಷ ಕೊಡು” ಎಂದೆ.

ಎರಡರಲ್ಲಿ ಒಂದು ತಪ್ಪು: ಗೆದ್ದವರ ಹೆಸರು ಇಲ್ಲವೇ ಅಂಕಿಗಳು. ಅಬುಧಾಬಿಯ ಹೋಟೆಲಿಗೆ ಫೋನ್ ಮಾಡಿದೆ. ಯಾರೋ ಎತ್ತಿದರು, ಅವರ ಹಿಂದೆ ನೂರು ಜನ ಹಾಡುತ್ತಿದ್ದರು, ನನ್ನ ಪ್ರಶ್ನೆ ಅವರಿಗೆ ಕೇಳಿಸಲಿಲ್ಲ, ಅವರ ಉತ್ತರ ನನಗೆ ಕೇಳಿಸಲಿಲ್ಲ. ತಮ್ಮ ಜನ ಗೆದ್ದರೂ ಹಾಡುತ್ತಾರೆ, ಸೋತರೂ ಹಾಡುತ್ತಾರೆ ಎಂದು ಬ್ರೀಡಾ ಹೇಳಿದ್ದು ನೆನಪಾಯಿತು. ಫೋನ್ ಇಟ್ಟೆ.

ಎಂಟು ಇಪ್ಪತ್ತಕ್ಕೆ ಎರಡನೆಯ ಸಾಲುಗಳು ಬಂದವು. ಯಾರು ಯಾರು ಎಷ್ಟು ಹೊಡೆದರೆಂಬ ಪಟ್ಟಿ. ಹಳದಿಯವರಲ್ಲಿ ಒಬ್ಬ ಆರು ಪಾಯಿಂಟ್, ಒಬ್ಬ ನಾಲ್ಕು, ಇಬ್ಬರು ಎರಡೆರಡು, ಒಬ್ಬ ಒಂದು, ಹದಿನೈದು. ಜೊತೆಗೆ ಒಂದು ಗೋಲು. ಹಸಿರಿನವರಲ್ಲಿ ಐದು, ಮೂರು, ಎರಡು, ಒಂದು, ಹನ್ನೊಂದು. ಎರಡು ಗೋಲು. ಒಬ್ಬೊಬ್ಬ ಆಟಗಾರನ ಹೆಸರಿನ ಮುಂದೆ ಬೆರಳಿಟ್ಟು ಕೂಡಿಸಿದೆ. ಅಂಕಿಗಳು ಸರಿಯಾಗಿದ್ದವು. ತಪ್ಪಾಗಿದ್ದುದು ಹೆಸರು.

“ಯಲ್ಲಾ” ಎಂದು ಪೆರೇರ ಬೆನ್ನ ಹಿಂದೆ ಬಂದು ನಿಂತರು.

“ಸರ್, ತಲೆಬರಹ ಬದಲಾಯಿಸಬೇಕು. ಗೆದ್ದದ್ದು ಹಳದಿ.”

“ಏಜೆನ್ಸಿ ಹಸಿರು ಅಂತಿದೆ. ಊರಿನ ಎಲ್ಲ ಪತ್ರಿಕೆಗಳಲ್ಲೂ ನಾಳೆ ಹಸಿರೇ ಬರೋದು.”

“ಏಜೆನ್ಸಿಯಲ್ಲಿ ಯಾರೋ, ಎರಡು ಒಂದಕ್ಕಿಂತ ದೊಡ್ಡದು ಅಂದುಕೊಂಡಿದ್ದಾರೆ.”

“ಅದು ನಿಮಗೆ ಹೇಗೆ ಗೊತ್ತು?”

“ಮೇ ತಿಂಗಳಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ ಸರ್.”

ಅವರು ನನ್ನ ಕಾಗದ ನೋಡಿದರು, ಗಡಿಯಾರ ನೋಡಿದರು. “ನಿಮ್ಮ ಹತ್ತಿರ ಉಳಿದಿರೋದು ಅರ್ಧ ತಪ್ಪು. ಇದು ತಪ್ಪಾದ್ರೆ ಅರ್ಧ ಅಲ್ಲ, ಎರಡು ಪಟ್ಟು. ಖಚಿತವಾ?”

“ಖಚಿತ.”

ಅವರು ಕುಳಿತು, ‘ಹಸಿರು’ ಅಳಿಸಿ ‘ಹಳದಿ’ ಎಂದು ತಾವೇ ಬೆರಳಚ್ಚಿಸಿದರು. ಪುಟ ಹೋಯಿತು. ಶೆಟ್ಟರು ಕೊನೆಯ ಕರಡನ್ನು ಓದಿ, 1-15 ಎಂಬಲ್ಲಿ ಪೆನ್ಸಿಲ್ ತಂದು, ನನ್ನ ಮುಖ ನೋಡಿ, ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು.

ನಾನು ಆಗಲೇ ಅಬುಧಾಬಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನನ್ನ ಕೆಲಸವನ್ನು ಆ ಲೆಕ್ಕಕ್ಕೆ ಒಪ್ಪಿಸಿಯಾಗಿತ್ತು, ಆದರೆ ಬ್ರೀಡಾರನ್ನು ನಗಿಸಿ ಆಮೇಲೆ ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಪರದೆಯ ಮುಂದೆ ಶಾಲು ಬಿಗಿದು ಕುಳಿತೆ. ಶೆಟ್ಟರು ಸುಲೈಮಾನಿ ತಂದಿಟ್ಟರು, ಅದು ತಣ್ಣಗಾಯಿತು. ಎಂಟು ಐವತ್ತಕ್ಕೆ ಹಸಿರು ಅಕ್ಷರಗಳು ಏರಿ ಬಂದವು: ‘ತಿದ್ದುಪಡಿ. ಹಿಂದಿನ ಸುದ್ದಿಯಲ್ಲಿ ವಿಜೇತರ ಹೆಸರು ತಪ್ಪಾಗಿದೆ. ಗೆದ್ದವರು ಹಳದಿ ಎಂದು ಓದಿಕೊಳ್ಳಿ.’

ಪೆರೇರ ದೂರದಿಂದಲೇ ಓದಿದರು. “ನಾಳೆ ಬೇಗ ಬನ್ನಿ, ಶಾರ್ಜಾದ ಕ್ರಿಕೆಟ್ ಪಟ್ಟಿ ಮಾಡೋದಿದೆ” ಎಂದು ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಕಾಯಂ ಆದ ಪತ್ರ ಆ ವಾರ ಯಾವಾಗಲೋ ಬಂತು.

ನಾನು ಫೋನ್ ಎತ್ತಿದೆ. ಲವೀನಾ ಪಿಸುಮಾತಿನಲ್ಲಿ ಬೈದಳು. “ಹತ್ತು ನಿಮಿಷ ಅಂದಿರಿ ಅಕ್ಕಾ, ಮುಕ್ಕಾಲು ಗಂಟೆ ಆಯ್ತು. ಮೇಟ್ರನ್ ಒಂದೇ ಪೇಷಂಟಿಗೆ ಮೂರು ಸಲ ಬಿ.ಪಿ. ನೋಡಿದ್ದಾರೆ. ಆ ಅರಬ್ಬಿ ಯಜಮಾನರು ಹೆದರಿಬಿಟ್ಟಿದ್ದಾರೆ, ಇನ್ನೆಷ್ಟು ದಿನ ಬದುಕ್ತೀನಿ ಅಂತ ಕೇಳ್ತಿದ್ದಾರೆ.”

“ಮೇಟ್ರನ್‌ಗೆ ಹೇಳು. ಹಸಿರು, ಐದು ಮುಡಿ ಎರಡು ಕಳಸೆ.”

“ಹಳದಿ?”

“ಅದನ್ನ ನಾನೇ ಹೇಳ್ಬೇಕು. ಕೊಡು.”

ಹೆಜ್ಜೆಗಳ ಸದ್ದು. ರಿಸೀವರ್ ಕೈ ಬದಲಾಯಿತು.

“ಅವರದ್ದು ಐದು, ಎರಡು ಅಂತೆ” ಎಂದರು ಬ್ರೀಡಾ. ದನಿ ನನಗಿಂತ ಚಿಕ್ಕ ಹುಡುಗಿಯದರ ಹಾಗಿತ್ತು. “ನಮ್ಮದು?”

“ಆರು ಮುಡಿ.”

“ಆರು. ಮೇಲೆ ಕಳಸೆ ಎಷ್ಟು?”

“ಏನೂ ಇಲ್ಲ.”

ಅವರು ಬೆರಳೆಣಿಸುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಎಲ್ಲೋ ಒಂದು ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದು, ಉರುಳಿ ಉರುಳಿ, ಗಿರಗಿರ ತಿರುಗಿ ನಿಂತಿತು. ಲವೀನಾ “ಮೇಟ್ರನ್! ಪೇಷಂಟ್ಸ್!” ಎಂದು ಕೂಗಿದಳು. ಅಷ್ಟು ವರ್ಷ ಇಡೀ ವಾರ್ಡನ್ನು ಸದ್ದಿಲ್ಲದೆ ಇಟ್ಟಿದ್ದ ಆ ಹೆಂಗಸು ಫೋನಿನೊಳಗೆ, ಸ್ಪಷ್ಟವಾಗಿ, ಒಂದಕ್ಷರವೂ ತಪ್ಪದೆ ಹೇಳಿದರು:

“ಭರ್ತಿ!”